ಬೆಣ್ಣೆ ಬಂದ ಮೇಲೂ

ಚಮರಿ ಬಿಳಿನೊಸಲಿ ತಾನು ಹಾಕಿದ ಕರುವನ್ನು ತಿರುಗಿ ನೋಡಲಿಲ್ಲ. ನಿಂತಲ್ಲೇ ಈದಳು, ನಾಲ್ಕು ಹೆಜ್ಜೆ ಮುಂದೆ ಹೋದಳು, ಹುಲ್ಲಿಗೆ ಬಾಯಿ ಹಾಕಿದಳು. ಹಿಂದೆ ಬಿದ್ದದ್ದು ದಾರಿಹೋಕರು ಯಾರೋ ಮರೆತ ಗಂಟು ಎಂಬಂತೆ. ಕರುವಿನ ಒದ್ದೆ ಮೈಯಿಂದ ಹಬೆ ಏಳುತ್ತಿತ್ತು. ಎದ್ದ ಹಬೆ ಮಂಜಿಗೆ ಸೇರುತ್ತಿತ್ತು. ಸ್ವಲ್ಪ ಹೊತ್ತು ನೋಡುತ್ತ ನಿಂತರೆ ಬೆಟ್ಟದ ಮಂಜೆಲ್ಲ ಈ ಕರುವಿನಿಂದಲೇ ಹೊರಡುತ್ತಿದೆಯೇನೋ ಅನ್ನಿಸುವಂತಿತ್ತು.

ಲೇಕಿ ನೋಡುತ್ತ ನಿಂತಿದ್ದಳು. ಕರು ಅವಳದು.

ಹೋದ ಚಳಿಗಾಲದಲ್ಲಿ ಖಾಂಡುವಿನ ಹೆಂಡತಿಯಾಗಿ ತನ್ನೂರು ರಾದಿಯ ಗದ್ದೆಗಳನ್ನು ಬಿಟ್ಟು ಬೆಟ್ಟದ ಮೇಲಿನ ಮೆರಾಕ್‌ಗೆ ಹತ್ತಿ ಬಂದಾಗ, ಅತ್ತೆ ಚಿಮಿ ಹೊಸಿಲಲ್ಲೇ ಹೇಳಿದ್ದಳು: "ಬಿಳಿನೊಸಲಿ ಹೊಟ್ಟೇಲಿರೋದು ನಿಂದು." ಚಮರಿ ಮೇಯಿಸುವ ಈ ಮೇಲಿನವರು ಸೊಸೆಗೆ ಒಡವೆ ಹಾಕಲಿ ಬಿಡಲಿ, ಇನ್ನೂ ಹುಟ್ಟದ ಒಂದು ಕರುವನ್ನಂತೂ ಕೊಡುತ್ತಾರೆ. ಅದು ಹುಟ್ಟಿ, ತಾಯಿಯ ಹಾಲು ಕುಡಿದು ಉಳಿದರೆ ಸೊಸೆ ಅದಕ್ಕೆ ಹೆಸರಿಡುತ್ತಾಳೆ. ಹೆಸರಿಟ್ಟ ದಿನದಿಂದ ಅವಳು ಮಂದೆಯವಳು. ಕರು ಉಳಿಯದಿದ್ದರೆ ಯಾರ ತಪ್ಪೂ ಅಲ್ಲ. ಅವಳು ಇನ್ನೂ ನೆಂಟಳು, ಬೇಕೆಂದರೆ ಇಳಿದು ಹೋಗಬಹುದು, ಯಾರೂ ಒಂದು ಮಾತು ಆಡುವ ಹಾಗಿಲ್ಲ. ಹಾಗೆ ಇಳಿದು ಹೋದವರೂ ಇದ್ದಾರೆ. ಚಳಿಗಾಲದಲ್ಲಿ ಬೆಣ್ಣೆ ಹೊತ್ತು ಕೆಳಗಿಳಿದ ಗಂಡನ ಮನೆಯವರು ಅಂಥವರನ್ನು ಕಂಡರೆ ನಗುತ್ತಲೇ ಮಾತಾಡಿಸುತ್ತಾರೆ, ಮಕ್ಕಳಿದ್ದರೆ ಕೈಗೆ ಒಣಚೀಸಿನ ತುಂಡು ಕೊಡುತ್ತಾರೆ.

"ಅತ್ತಿಗೆ, ಕಲ್ಲಿನ ಥರ ನಿಂತ್ಕೊಂಡ್ರೆ ಅದು ತಾನೇ ಎದ್ದು ಬಂದು ನಮಸ್ಕಾರ ಮಾಡುತ್ತಾ?" ಎನ್ನುತ್ತ ನಾದಿನಿ ದ್ರೆಮಾ ಬಂದಳು. ಮಳೆ ಇಳಿಯಲೆಂದು ಐದು ಜಡೆ ಬಿಟ್ಟ ಕರಿ ಉಣ್ಣೆಟೋಪಿಯ ತುದಿಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಕರುವನ್ನು ಎತ್ತಿ ತಾಯಿಯ ಮೂತಿಯ ಕೆಳಗೆ ಇಟ್ಟಳು. ಬಿಳಿನೊಸಲಿ ಪಕ್ಕಕ್ಕೆ ಸರಿದಳು. ಕರುವಿನ ಬೆನ್ನಿಗೆ, ಕಿವಿಗೆ, ಕತ್ತಿಗೆ ಉಪ್ಪು ತಿಕ್ಕಿ ಮತ್ತೆ ಇಟ್ಟಳು. ಚಮರಿ ಒರಟು ನಾಲಿಗೆಯಿಂದ ಉಪ್ಪನ್ನೆಲ್ಲ ನೆಕ್ಕಿ ಮುಗಿಸಿತು, ಆಮೇಲೆ ಹಿಂಗಾಲಿನಿಂದ ಒಂದು ಒದೆ ಕೊಟ್ಟಿತು. ಕರು ಉರುಳಿತು.

"ನೋಡಿದ್ಯಾ! ನಮ್ಮ ದೊಡ್ಡಪ್ಪನ ಥರ. ಪೂರ್ತಿ ಉಂಡು ಆಮೇಲೆ ತಟ್ಟೆ ಒದೆಯೋದು."

ಲೇಕಿ ನಗಲಿಲ್ಲ. ಬೇರೆ ಚಮರಿಯ ಹಾಲನ್ನು ಕೊಂಬಿನಲ್ಲಿ ತುಂಬಿ ಕರುವಿನ ಬಾಯಿಗೆ ಬಿಟ್ಟರು. ಅರ್ಧ ಹೊರಗೆ ಬಂತು. ಕಂಬಳಿಯಲ್ಲಿ ಸುತ್ತಿ ನೀಲಿ ಟಾರ್ಪಾಲಿನ ಗುಡಾರದೊಳಗೆ ಒಲೆಯ ಪಕ್ಕ ಮಲಗಿಸಿದರು, ರಾತ್ರಿಯಿಡೀ ನಡುಕ ನಿಲ್ಲಲಿಲ್ಲ. ಒಲೆಯ ಬಿಸಿ ಬೇರೆ, ತಾಯಿಯ ನಾಲಿಗೆಯ ಬಿಸಿ ಬೇರೆ. ಇನ್ನೊಂದು ರಾತ್ರಿ ಹೀಗೇ ಕಳೆದರೆ ಕರು ಇರುವುದಿಲ್ಲ ಎಂದು ಹೇಳಬೇಕಾದ ಅಗತ್ಯ ಯಾರಿಗೂ ಕಾಣಲಿಲ್ಲ.

ಬೆಳಕು ಹರಿದು ಬಹಳ ಹೊತ್ತಾಗಿತ್ತು. ಹರಿದ ಬೆಳಕು ಮಂಜಿನಲ್ಲಿ ಎಲ್ಲಿಗೂ ಹೋಗಲಾರದೆ ಅಲ್ಲೇ ನಿಂತಿತ್ತು. ಖಾಂಡು ಜೋಳದ ಹಿಟ್ಟು ತರಲು ಕುದುರೆಗಳೊಂದಿಗೆ ಕೆಳಗೆ ಹೋಗಿದ್ದ. ಹುಲ್ಲುಗಾವಲಿನಲ್ಲಿ ಮೂವರು ಹೆಂಗಸರು, ಮಂದೆ, ಎರಡು ನಾಯಿ. ಅತ್ತೆ ಬಂದು ಬಿಳಿನೊಸಲಿಯ ಕೊಂಬಿನ ಬುಡವನ್ನು ಕೆರೆದಳು, ಕಣ್ಣನ್ನು ನೋಡಿದಳು.

"ಇವಳ ಹತ್ರ ಮಾತಾಡ್ಬೇಕು," ಅಂದಳು.

ದ್ರೆಮಾ ತಲೆ ಆಡಿಸಿದಳು. ಇಬ್ಬರೂ ಲೇಕಿಯನ್ನು ನೋಡಿದರು.

"ನಾನಾ?"

"ಕರು ಯಾರ್ದು?"

"ಅತ್ತೆ, ನಂಗೆ ನಿಮ್ಮ ಮಾತು ಸರಿಯಾಗಿ ಬರಲ್ಲ."

"ಅವಳೇನು ನಿನ್ನ ಪರೀಕ್ಷೆ ತಗೊಳ್ತಾಳಾ?" ಅಂದಳು ದ್ರೆಮಾ. "ನಿಂಗೆ ಬರೋದ್ರಲ್ಲೇ ಮಾತಾಡು. ಅವಳಿಗೂ ಅಷ್ಟೇನೂ ಬರಲ್ಲ."

"ರಾದಿ ಮಾತಲ್ಲಿ ಹೇಳಿದ್ರೆ?"

"ಹೊಟ್ಟೇಲಿದ್ದಾಗಿಂದ ಅವಳು ಕೇಳಿರೋದು ನಮ್ಮ ಮಾತು," ಅಂದಳು ಅತ್ತೆ. "ಬೇರೆ ಮಾತು ಅವಳಿಗೆ ಗಾಳಿ ಸದ್ದು. ಕೂತ್ಕೋ. ಬೆನ್ನು ಅವಳ ಹೊಟ್ಟೆಗೆ ತಾಗಲಿ. ಕರೂನ ನೋಡ್ಬೇಡ. ಕರು ವಿಷಯ ಎತ್ತಲೇಬೇಡ. ತಗೋ, ಹಾಲು ಕೊಡು, ದಮ್ಮಯ್ಯ, ಇದ್ಯಾವ್ದೂ ಬೇಡ; ಬೇಡೋರನ್ನ ಕಂಡ್ರೆ ಅವಳಿಗಾಗಲ್ಲ. ಒಳಗಿರೋದನ್ನ ಹೇಳು."

"ಒಳಗೆ ಏನೂ ಇಲ್ಲ."

"ಹಾಗಾದ್ರೆ ಅದನ್ನೇ ಹೇಳು."

"ನೀವು ಕೇಳಿಸ್ಕೊಳ್ತೀರಾ?"

"ನಮಗೇನು ಹುಚ್ಚಾ?" ಅಂದಳು ದ್ರೆಮಾ. "ನಾವು ಬೆಣ್ಣೆ ಕಡೀತೀವಿ. ಆ ಸದ್ದಲ್ಲಿ ಆಮಾ ಜೋಮೊ ದೇವೀನೇ ಬೆಟ್ಟದಿಂದ ಇಳಿದು ಬಂದು ಕೂಗಿದ್ರೂ ಕೇಳಲ್ಲ. ನೀನು ಎದ್ದೇಳೋವರೆಗೂ ಕಡೀತಾನೇ ಇರ್ತೀವಿ."

ಚಮರಿಯೊಡನೆ ಒಬ್ಬಳು ಮಾತಾಡುತ್ತಿದ್ದರೆ ಉಳಿದವರು ಬೆಣ್ಣೆ ಕಡೆಯಬೇಕು. ಮೇಲಿನವರಲ್ಲಿ ಯಾವಾಗಲೂ ಹಾಗೆಯೇ. ಚಮರಿಗೆ ಹೇಳಿದ್ದು ಚಮರಿಗೆ ಮಾತ್ರ. ದ್ರೆಮಾ ಉದ್ದನೆಯ ಮರದ ಕೊಳಗವನ್ನು ಗುಡಾರದ ಹೊರಗೆ ತಂದು ನಿಲ್ಲಿಸಿದಳು, ಕೆನೆ ಸುರಿದಳು, ಕೋಲನ್ನು ಎರಡು ಕೈಯಲ್ಲಿ ಹಿಡಿದು ಮೇಲಕ್ಕೆಳೆದು ಕೆಳಕ್ಕೆ ಹೊಡೆದಳು. ಧಡ್ ಬಳಕ್. ಧಡ್ ಬಳಕ್. ಅತ್ತೆ ಕರುವನ್ನು ಎತ್ತಿ ತಂದು ಚಮರಿಯ ಹಿಂಗಾಲಿನ ಬಳಿ, ಒದೆ ತಾಗದಷ್ಟು ದೂರದಲ್ಲಿ ಬಿಟ್ಟು, ಹೋಗಿ ಮಗಳ ಪಕ್ಕದಲ್ಲಿ ಕೂತಳು.

ಲೇಕಿ ಕೂತಳು. ಬೆನ್ನಿಗೆ ಒದ್ದೆ ಕೂದಲು ತಾಗಿತು. ಅದರೊಳಗೆ ಬಿಸಿ, ಬಿಸಿಯೊಳಗೆ ಗುಡುಗುಡು ಎಂಬ ಹೊಟ್ಟೆ. ಎದುರಿಗೆ ಮಂಜು. ಏನು ಹೇಳಬೇಕು?

ಮೇಲಿನವರ ಮಾತು ಅವಳಿಗೆ ಚಿಕ್ಕಂದಿನಿಂದ ಅಷ್ಟಿಷ್ಟು ಗೊತ್ತಿತ್ತು. ಚಳಿಗಾಲ ಬಂತೆಂದರೆ ಅವರು ಬಂದು ಅವಳ ಅಪ್ಪನ ಮನೆಯ ಅಡುಗೆಕೋಣೆಯಲ್ಲೇ ಇಳಿದುಕೊಳ್ಳುತ್ತಿದ್ದರು. ಚೀಸಿನ ನಾತದೊಂದಿಗೆ ಮಾತೂ ಬರುತ್ತಿತ್ತು. ಬೆಣ್ಣೆ. ಉಪ್ಪು. ಕಂಬಳಿ. ಭಾರ. ಹಗುರ. ನಾಳೆ. ಕೂತ್ಕೋ. ಇನ್ನೊಂದು ಬಟ್ಟಲು ಕುಡಿ. ವ್ಯಾಪಾರಕ್ಕೆ ಸಾಕಾಗುವಷ್ಟಿತ್ತು, ಸಂಸಾರಕ್ಕೆ ಸಾಲುವಷ್ಟಿರಲಿಲ್ಲ. ಖಾಂಡು ಅವಳನ್ನು ರಾದಿಯ ಮಾತಿನಲ್ಲೇ ಪ್ರೀತಿಸಿದ, ಅದರಲ್ಲೇ ಜಗಳವಾಡಿದ. ಅವನು ಇಲ್ಲದಾಗ ಅವಳು ಹೆಚ್ಚುಕಡಿಮೆ ಮೂಕಿ. ಕನಸಿನಲ್ಲಿ ಮಾತ್ರ ಮೇಲಿನವರ ಮಾತು ಅವಳ ಬಾಯಿಂದ ತೊರೆಯಂತೆ ಹರಿಯುತ್ತಿತ್ತು. ಎದ್ದು ನೋಡಿದರೆ ನಾಲಿಗೆ ಒಣ ಕಲ್ಲು.

"ಬೆಣ್ಣೆ ಭಾರ," ಅಂದಳು ಚಮರಿಗೆ. "ಜೋಳ ಹಗುರ."

ಚಮರಿ ಮೆಲುಕು ಹಾಕುತ್ತಿತ್ತು.

"ಇವತ್ತು ಮಂಜು. ನಾಳೆ ಮಂಜು. ಕಂಬಳಿ ಒದ್ದೆ. ನನ್ನ ಕಾಲು ತಣ್ಣಗೆ."

ಧಡ್ ಬಳಕ್. ಧಡ್ ಬಳಕ್. ಆ ಸದ್ದು ಮೊದಲು ಎದುರಿನಿಂದ ಬರುತ್ತಿತ್ತು; ಆಮೇಲೆ ಎಡಗಡೆಯಿಂದ; ಆಮೇಲೆ ಎಲ್ಲ ಕಡೆಯಿಂದ. ಸದ್ದಿಗೆ ನಾಲ್ಕು ಗೋಡೆ ಎದ್ದು, ಮೇಲೊಂದು ಮಾಡು ಬಂದು, ಅವಳು ಅದರೊಳಗೆ ಕೂತ ಹಾಗಾಯಿತು. ಆ ಮನೆಗೆ ಕಿಟಕಿಯಿರಲಿಲ್ಲ. ಒಳಗೆ ಅವಳು, ಬೆನ್ನ ಹಿಂದೆ ಒಂದು ದೊಡ್ಡ ಬೆಚ್ಚನೆಯ ಹೊಟ್ಟೆ. ಹೊಟ್ಟೆಯ ಗುಡುಗುಡು ಅವಳ ಪಕ್ಕೆಲುಬಿನ ಮೂಲಕ ಹಾದು ಗಂಟಲಿಗೆ ಬಂದು ಕೂತಿತು. ಬಾಯಿ ತೆರೆದರೆ ತನ್ನ ದನಿಯೋ ಅದರ ದನಿಯೋ ತಿಳಿಯಲಿಲ್ಲ.

"ನಮ್ಮಮ್ಮ ಒಲೆ ಮುಂದೆ ಕೂತಿರ್ತಾಳೆ. ಹೊಗೆ ಅವಳ ಕಡೇನೇ ಹೋಗುತ್ತೆ. ಎಲ್ಲಿ ಕೂತ್ರೂ ಅಲ್ಲಿಗೇ ಹೋಗುತ್ತೆ. ಹೊಗೆ ಅವಳ ನಾಯಿ."

ಈ ಮಾತುಗಳು ಎಲ್ಲಿಂದ ಬಂದವು? ಹೊಗೆಗೆ ಮೇಲಿನವರು ಏನೆನ್ನುತ್ತಾರೆಂದು ತನಗೆ ಗೊತ್ತಿದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಬಾಲ್ಯದಲ್ಲಿ ಅಡುಗೆಕೋಣೆಯ ಮೂಲೆಯಲ್ಲಿ ನಿದ್ದೆಗಣ್ಣಿನಲ್ಲಿ ಮಲಗಿದ್ದಾಗ, ಆರಾ ಸಾರಾಯಿ ಕುಡಿಯುತ್ತ ಕೂತ ಯಾರೋ ಮುದುಕ ಆಡಿದ ಮಾತು ಅವಳೊಳಗೆ ಇಷ್ಟು ವರ್ಷ ಕಂಬಳಿ ಹೊದ್ದು ಮಲಗಿತ್ತೇನೋ. ಈಗ ಒಂದೊಂದೇ ಎದ್ದು ಬಂದವು. ಮಂಜಿನೊಳಗಿಂದ ಚಮರಿಗಳು ಬರುವ ಹಾಗೆ: ಮೊದಲು ಕೊಂಬು, ಆಮೇಲೆ ಮುಖ, ಎಷ್ಟೋ ಹೊತ್ತಿನ ಮೇಲೆ ಕಾಲು.

ತಂಗಿಯ ಹಲ್ಲಿನ ವಿಷಯ ಹೇಳಿದಳು. ಬಾಣಂತಿಯಾಗಿ ಸತ್ತ ಚಿಕ್ಕಮ್ಮನ ವಿಷಯ ಹೇಳಿದಳು. ಖಾಂಡು ನಿದ್ದೆಯಲ್ಲಿ ಮಾತಾಡುತ್ತಾನೆ, ಅವನು ನಿದ್ದೆಯಲ್ಲಿ ಆಡುವುದು ಮೇಲಿನವರ ಮಾತು, ಆಗ ಅವನು ತನಗೆ ಗೊತ್ತಿಲ್ಲದ ಗಂಡಸು ಎಂದಳು. ಚಮರಿಯ ಕಿವಿ ಒಂದು ಸಲ ಹಿಂದಕ್ಕೆ ತಿರುಗಿತು. ಅದು ತಿರುಗಿದ್ದು ಲೇಕಿಗೆ ಕಾಣಲಿಲ್ಲ, ಬೆನ್ನಿಗೆ ಗೊತ್ತಾಯಿತು.

"ನಾನಿಲ್ಲಿ ಚೆನ್ನಾಗಿದೀನಿ," ಅಂದಳು ಆಮೇಲೆ.

ಚಮರಿಯ ಚರ್ಮ ನೊಣ ಕೂತಂತೆ ಬಿರ್ರನೆ ಅದುರಿತು.

ರಾದಿಯ ಮಾತಿನಲ್ಲಾಗಿದ್ದರೆ ಆ ವಾಕ್ಯಕ್ಕೆ ಹಿಂದೆ ಮುಂದೆ ಏನಾದರೂ ಹಚ್ಚಬಹುದಿತ್ತು. ಗಾಳಿ ಚೆನ್ನಾಗಿದೆ, ಅತ್ತೆ ಒಳ್ಳೆಯವಳು, ಊಟಕ್ಕೆ ಕೊರತೆಯಿಲ್ಲ, ಮನಸ್ಸು ಅನ್ನುವುದು ಎಲ್ಲಿದ್ದರೂ ಹಾಗೇ ಅಲ್ಲವೇ. ಹೀಗೆ ಒಂದೊಂದಾಗಿ ಗೂಟ ಹುಗಿದು ಬೇಲಿ ಹಾಕಬಹುದಿತ್ತು. ಈ ಭಾಷೆಯಲ್ಲಿ ಅವಳ ಬಳಿ ಅಷ್ಟು ಗೂಟಗಳಿರಲಿಲ್ಲ. ಸುಳ್ಳು ಹೇಳುವಷ್ಟು ಮಾತು ಅವಳಿಗೆ ಬರುತ್ತಿರಲಿಲ್ಲ. ಇದ್ದ ಮಾತುಗಳನ್ನೇ ತಡಕಾಡಿದಳು. ಅವೆಲ್ಲ ಭಾರ, ಹಗುರ, ಬೇಕು, ಬೇಡ ಎನ್ನುವಂಥ ನೇರ ಮಾತುಗಳು.

"ಇಲ್ಲಿ ಬೇಡ," ಅಂದಳು. "ನಂಗೆ ಕೆಳಗೆ ಹೋಗ್ಬೇಕು. ಕರು ಸತ್ರೆ ಹೋಗ್ಬಹುದು. ಸಾಯ್ಲಿ ಅಂತ ಕಾಯ್ತಿದೀನಿ."

ಕೊನೆಯ ಮಾತು ಹೊರಗೆ ಬಂದಾಗ ಸುತ್ತ ಮನೆಯಿರಲಿಲ್ಲ. ಗೋಡೆಯಿರಲಿಲ್ಲ, ಮಾಡೂ ಇರಲಿಲ್ಲ. ಸದ್ದು ನಿಂತಿತ್ತು.

ದ್ರೆಮಾಳ ಮೇಲೆ ತಪ್ಪು ಹೊರಿಸುವಂತಿಲ್ಲ. ಬೆಣ್ಣೆ ಬಂದಿತ್ತು. ಬಂದಾಗ ಕೋಲಿನ ಕೆಳಗೆ ಸದ್ದು ಬದಲಾಗುತ್ತದೆ, ಕೈಗೆ ಒಂದು ಮೆತ್ತನೆಯ ತಡೆ ಸಿಗುತ್ತದೆ. ಆ ತಡೆ ಸಿಕ್ಕ ಕೈ ತಾನಾಗಿ ನಿಲ್ಲುತ್ತದೆ. ಅದನ್ನು ಮೀರಿ ಕಡೆದರೆ ಬೆಣ್ಣೆ ಮತ್ತೆ ಮಜ್ಜಿಗೆಯನ್ನು ಕುಡಿದು, ಜಿಡ್ಡು ಕೆಸರಾಗಿ, ಕಟ್ಟಲೂ ಬಾರದೆ ಇಡಲೂ ಬಾರದೆ ಕೆಡುತ್ತದೆ. ಬೆಣ್ಣೆ ಬಂದ ಮೇಲೂ ಕಡೆಯುವ ಹೆಂಗಸು ಆ ಬೆಟ್ಟಗಳಲ್ಲಿ ಹುಟ್ಟಿಲ್ಲ. ಲೇಕಿಗಾಗಿ ಕಡೆಯುತ್ತಿದ್ದೇನೆ, ಬೆಣ್ಣೆಗಾಗಿ ಅಲ್ಲ ಎಂಬುದನ್ನು ದ್ರೆಮಾಳ ತಲೆ ನೆನಪಿಟ್ಟಿತ್ತು. ಕೈ ಮರೆತಿತ್ತು.

ಮಾತು ಹುಲ್ಲಿನ ಮೇಲೆ ಬಿದ್ದಿತ್ತು. ಎತ್ತಿಕೊಳ್ಳುವವರು ಯಾರೂ ಇರಲಿಲ್ಲ. ನಾಯಿಯೊಂದು ಆಕಳಿಸಿದ್ದು ಕೇಳಿಸಿತು. ಲೇಕಿ ತಿರುಗಿ ನೋಡಿದಳು. ದ್ರೆಮಾ ಕೋಲು ಹಿಡಿದುಕೊಂಡೇ, ಬಾಯಿ ಅರೆ ತೆರೆದು ನಿಂತಿದ್ದಳು. ಅತ್ತೆ ತನ್ನ ಅಂಗೈ ನೋಡಿಕೊಳ್ಳುತ್ತಿದ್ದಳು. ಅವಳ ಮುಖದಲ್ಲಿ ಏನಿತ್ತು ಎಂದು ಓದಲು ಮಂಜು ಬಿಡಲಿಲ್ಲ.

ಅತ್ತೆ ಎದ್ದಳು. ಮಗಳ ಕೈಯಿಂದ ಕೋಲನ್ನು ತೆಗೆದುಕೊಂಡಳು.

"ಅಮ್ಮಾ, ಬೆಣ್ಣೆ ಬಂತು," ಅಂದಳು ದ್ರೆಮಾ ಮೆಲ್ಲಗೆ.

"ಬಂದಿಲ್ಲ."

"ಬಂತಮ್ಮಾ, ಇಲ್ನೋಡು, ಗಟ್ಟಿಯಾಗಿ ತೇಲ್ತಿದೆ..."

"ಬಂದಿಲ್ಲ ಅಂದೆನಲ್ಲ!"

ಧಡ್ ಬಳಕ್. ಚಿಮಿ ಸೊಂಟ ಬಗ್ಗಿಸಿ ಹೊಡೆದಳು. ಆ ವಯಸ್ಸಿನ ತೋಳುಗಳಿಗೆ ಅಷ್ಟು ಬಲ ಇರಬಾರದು. ಧಡ್ ಬಳಕ್. ಧಡ್ ಬಳಕ್. ಸದ್ದಿನ ಮನೆ ಮತ್ತೆ ಎದ್ದು ನಿಂತಿತು, ಮೊದಲಿಗಿಂತ ದಪ್ಪ ಗೋಡೆಗಳೊಂದಿಗೆ. ಬಂದ ಬೆಣ್ಣೆ ಒಡೆಯಿತು, ಸಣ್ಣಗಾಯಿತು, ಕರಗಿತು. ದ್ರೆಮಾ ಕಣ್ಣು ಮುಚ್ಚಿಕೊಂಡಳು; ನೋಡಲಾರದೆ. ಅತ್ತೆ ನಿಲ್ಲಿಸಲಿಲ್ಲ. ಲೇಕಿಯ ಕಡೆ ನೋಡಲೂ ಇಲ್ಲ.

ಲೇಕಿ ಮತ್ತೆ ಚಮರಿಗೆ ಬೆನ್ನು ಕೊಟ್ಟು ಮಾತಾಡತೊಡಗಿದಳು. ತುಂಬ ಹೊತ್ತು ಮಾತಾಡಿದಳು. ತುಟಿಗಳು ಆಡುತ್ತಿದ್ದವು, ಒಂದೆರಡು ಸಲ ಕೈ ಮೇಲೆದ್ದಿತು, ಒಮ್ಮೆ ಮೂಗು ಒರೆಸಿಕೊಂಡಳು, ಒಮ್ಮೆ ನಕ್ಕಳು ಕೂಡ. ಏನು ಹೇಳಿದಳೋ. ಕಡೆಯುವ ಸದ್ದಿನಲ್ಲಿ ಕೇಳಲಿಲ್ಲ.

ಯಾವಾಗ ನಡೆಯಿತೆಂದು ಯಾರೂ ಕಾಣಲಿಲ್ಲ. ಬೆನ್ನ ಹಿಂದಿನ ಆಸರೆ ಮೆಲ್ಲಗೆ ಸರಿದು ಲೇಕಿ ಹಿಂದಕ್ಕೆ ವಾಲಿದಳು. ಬಿಳಿನೊಸಲಿ ತಿರುಗಿ ನಿಂತಿದ್ದಳು. ಮೂತಿ ಕೆಳಗೆ ಮಾಡಿ ಕರುವನ್ನು ಮೂಸಿದಳು, ದೂರ ಸರಿದಳು, ಮತ್ತೆ ಬಂದು ಮೂಸಿದಳು. ಉಪ್ಪು ಎಂದೋ ಮುಗಿದಿತ್ತು. ಆದರೂ ನೆಕ್ಕಿದಳು: ಮೊದಲು ಕಿವಿ, ಆಮೇಲೆ ಕತ್ತು, ಆಮೇಲೆ ಅಂಟಿ ಒಣಗಿದ ಬೆನ್ನಿನ ಕೂದಲನ್ನೆಲ್ಲ ಹಿಂದುಮುಂದಾಗಿ. ಆ ನಾಲಿಗೆಯ ತಳ್ಳಾಟಕ್ಕೇ ಕರು ಎದ್ದು ನಿಂತಿತು, ಬಿತ್ತು, ಎದ್ದಿತು. ಮುಂಗಾಲಿನ ನಡುವೆ ಹುಡುಕಿತು.

"ಅಯ್ಯೋ ಪೆದ್ದೇ, ಹಿಂದೆ ಹೋಗು, ಹಿಂದೆ!" ಎಂದು ದ್ರೆಮಾ ಕೂಗಿದಳು.

ಕೊನೆಗೆ ಸಿಕ್ಕಿತು. ಹಳದಿ ಗಿಣ್ಣುಹಾಲು ಕರುವಿನ ಬಾಯಿಯ ಬದಿಯಲ್ಲಿ ನೊರೆಯಾಗಿ ಇಳಿಯಿತು. ಆಗ ಅತ್ತೆ ಕೋಲನ್ನು ಬಿಟ್ಟಳು.

ಕೊಳಗದಲ್ಲಿ ಇದ್ದದ್ದನ್ನು ದ್ರೆಮಾ ಕೈಯಿಂದ ಎತ್ತಿದಳು. ಬೆರಳಿನ ಸಂದಿಯಿಂದ ಜಾರಿತು.

"ಇದನ್ನ ಯಾರಿಗೆ ಕೊಡೋಣ? ನಾಯಿ ಕೂಡ ಮೂಸಿ ಯೋಚನೆ ಮಾಡುತ್ತೆ."

"ನಾವೇ ತಿನ್ನೋದು," ಅಂದಳು ಅತ್ತೆ.

ಆ ಸಂಜೆ ಬೆಣ್ಣೆಚಹಾಕ್ಕೆ ಅದನ್ನೇ ಹಾಕಿದರು. ಚಹಾದ ಮೇಲೆ ಎಣ್ಣೆ ಬೇರೆ ನೀರು ಬೇರೆಯಾಗಿ ನಿಂತಿತು. ದ್ರೆಮಾ ಒಂದು ಗುಟುಕಿಗೆ ಮುಖ ಕಿವುಚಿ, "ತಿಂಗಳುಗಟ್ಟಲೆ ಇದನ್ನೇ ಕುಡೀಬೇಕಾ? ನಾನೂ ಕೆಳಗೆ..." ಎಂದವಳು ನಾಲಿಗೆ ಕಚ್ಚಿಕೊಂಡಳು. ಅತ್ತೆ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದು, ಒಳ್ಳೆಯ ಚಹಾ ಕುಡಿಯುವಷ್ಟೇ ನಿಧಾನವಾಗಿ ಕುಡಿದು ಮುಗಿಸಿದಳು, ಬೆರಳಿನಿಂದ ಬಟ್ಟಲು ಬಳಿದು ನೆಕ್ಕಿದಳು, ಇನ್ನೊಂದು ಬಟ್ಟಲು ಬಗ್ಗಿಸಿಕೊಂಡಳು. ಲೇಕಿ ನೋಡುತ್ತ ಕೂತಿದ್ದಳು. ತನ್ನ ಬಟ್ಟಲನ್ನು ಅವಳು ಬಹಳ ಹೊತ್ತು ಮುಟ್ಟಲಿಲ್ಲ. ಆಮೇಲೆ ಒಂದೇ ಉಸಿರಿಗೆ ಕುಡಿದಳು.

ಮರುದಿನ ಬಿಸಿಲು ಬಂತು. ಬಿಸಿಲಿನೊಂದಿಗೆ ಖಾಂಡು ಕುದುರೆಗಳನ್ನು ಹೊಡೆದುಕೊಂಡು ಹಾಡುತ್ತ ಬಂದ. ಹಿಟ್ಟಿನ ಚೀಲಗಳನ್ನು ಇಳಿಸಿ ಅವನು ಮುಖ ತೊಳೆಯಲು ತೊರೆಗೆ ಹೋದಾಗ, ಅತ್ತೆ ಕೆಂಚು ಕುದುರೆಯ ಬೆನ್ನು ಒರೆಸಿ ಜೀನು ಬಿಗಿದಳು. ಹೊರೆಯ ಜೀನಲ್ಲ, ಕೂರುವ ಜೀನು. ಲೇಕಿ ಬಿಳಿನೊಸಲಿಯ ಹತ್ತಿರ ಇದ್ದಳು. ಅತ್ತೆ ಅಲ್ಲಿಗೆ ಬಂದಳು.

"ಕುದುರೆ ಸಿದ್ಧವಾಗಿದೆ. ನಿಮ್ಮಮ್ಮಂಗೆ ಹುಷಾರಿಲ್ಲ ಅಂತ ಹೇಳಿ ಕಳಿಸಿದಾರೆ ಅಂತ ಖಾಂಡುಗೆ ಹೇಳ್ತೀನಿ."

"ಅಮ್ಮ ಹುಷಾರಾಗೇ ಇದಾಳಲ್ಲ ಅತ್ತೆ?"

"ನಂಗೊತ್ತು. ಸುಳ್ಳು ನಾನು ಹೇಳ್ತೀನಿ. ನಿಂಗೆ ಹೇಳಕ್ಕೆ ಬರಲ್ಲ."

ಲೇಕಿ ನೆಲ ನೋಡಿದಳು. "ನೀವು ಕೇಳಿಸ್ಕೊಂಡ್ರಿ."

"ಏನನ್ನ? ನಾನು ಬೆಣ್ಣೆ ಕಡೀತಿದ್ದೆ."

ಕರು ತಾಯಿಯ ಹೊಟ್ಟೆಯ ಕೆಳಗಿಂದ ಈಚೆ ಬಂದು, ಬಿಸಿಲಿಗೆ ಹೆದರಿ, ಮತ್ತೆ ಆಚೆ ಹೋಯಿತು.

"ಇದು?"

"ಇದು ಬದುಕಿದೆ. ಇನ್ನೂ ಹೆಸರಿಟ್ಟಿಲ್ಲವಲ್ಲ. ಇಡದೇ ಹೋಗು. ನಾನೇ ಏನೋ ಒಂದು ಅಂತ ಕರ್ಕೊಳ್ತೀನಿ."

ಅತ್ತೆ ಅದನ್ನು ಹೇಳಿದ್ದು ಹಿಟ್ಟು ಎಲ್ಲಿಡಬೇಕೆಂದು ಹೇಳುವ ದನಿಯಲ್ಲಿ. ಕೆಂಚು ಕುದುರೆ ತಲೆ ಕೊಡವಿತು. ಅಲ್ಲಿಂದ ದಾರಿ ಕೆಳಕ್ಕೆ ಇಳಿಯುತ್ತಿತ್ತು; ಮೊದಲು ಕುರುಚಲು ಹೂಗಿಡಗಳ ನಡುವೆ, ಆಮೇಲೆ ಫರ್ ಮರಗಳ ಕತ್ತಲಲ್ಲಿ, ಆಮೇಲೆ ಕಾಣುತ್ತಿರಲಿಲ್ಲ. ಲೇಕಿ ಆ ದಾರಿಯನ್ನು ನೋಡಿದಳು. ಈಗ ಯಾವುದೂ ಸಾಯಬೇಕಾಗಿರಲಿಲ್ಲ. ಹತ್ತಿ ಕೂತರೆ ಸಾಕು. ನಿನ್ನೆಯವರೆಗೆ ಆ ದಾರಿ ಎಷ್ಟು ಎಳೆಯುತ್ತಿತ್ತೆಂದರೆ ನಿಂತಲ್ಲಿ ಮೈ ವಾಲುತ್ತಿತ್ತು. ಈಗ ಅದು ಸುಮ್ಮನೆ ಒಂದು ದಾರಿ. ಮೇಲಕ್ಕೂ ಬರುವಂಥದ್ದು.

ಅವಳು ಕರುವಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಅದರ ಒದ್ದೆ ಮೂತಿಯನ್ನು ಹಿಡಿದು ಒಂದು ಶಬ್ದ ಹೇಳಿದಳು.

"ಏನಂದೆ?" ಎಂದಳು ಅತ್ತೆ.

ಲೇಕಿ ಮತ್ತೆ ಹೇಳಿದಳು. ರಾದಿಯ ಮಾತು. ಗದ್ದೆಯಲ್ಲಿ ನಾಟಿಯ ಹೊತ್ತಿಗೆ ಕೂಗುವ ಪುಟ್ಟ ಹಸಿರು ಕಪ್ಪೆಗೆ ಅಲ್ಲಿ ಹಾಗೆನ್ನುತ್ತಾರೆ. ಆ ಮಂದೆಯಲ್ಲಿ ಇದುವರೆಗೆ ಮೇಲಿನವರ ಭಾಷೆಯದಲ್ಲದ ಹೆಸರು ಯಾವ ಚಮರಿಗೂ ಇರಲಿಲ್ಲ.

"ಕಪ್ಪೇನಾ!" ದ್ರೆಮಾ ಓಡಿಬಂದಳು. "ಚಮರಿ ಕರೂಗೆ ಕಪ್ಪೆ ಅಂತ ಹೆಸರಾ ಅತ್ತಿಗೆ? ಹುಲಿ, ಸಿಂಹ, ಮೋಡ ಅಂತೆಲ್ಲ ಇಡೋದು ಬಿಟ್ಟು! ಪಕ್ಕದ ಮಂದೆಯವರು ಬಿದ್ದು ಬಿದ್ದು ನಗ್ತಾರೆ."

"ನಗಲಿ. ನನ್ನ ಕರು."

"ಇದು ನಮ್ಮ ಬಾಯಲ್ಲಿ ಹೊರಳೋದೇ ಇಲ್ಲ ಕಣೇ," ಅಂದಳು ಅತ್ತೆ. ಪ್ರಯತ್ನಿಸಿದಳು. ಅರ್ಧ ಸೀನಿನಂತೆ, ಅರ್ಧ ಬೈಗುಳದಂತೆ ಕೇಳಿಸಿತು.

"ನಂಗೆ ನಿಮ್ಮ ಮಾತೆಲ್ಲ ಹೊರಳ್ಬೇಕು, ನಿಮಗೆ ನಮ್ದೊಂದು ಹೊರಳ್ಬಾರ್ದಾ?"

ಚಿಮಿ ಸೊಸೆಯನ್ನು ನೋಡಿದಳು. ಅದೇ ಶಬ್ದವನ್ನು ಇನ್ನೊಮ್ಮೆ ಪ್ರಯತ್ನಿಸಿದಳು. ಈ ಸಲ ಬರಿಯ ಸೀನು.

ಖಾಂಡು ಮುಖ ಒರೆಸುತ್ತ ಬಂದು ಕೆಂಚು ಕುದುರೆಯ ಮುಂದೆ ನಿಂತ. "ಇದಕ್ಕೆ ಯಾಕೆ ಜೀನು? ಯಾರು ಎಲ್ಲಿಗೆ ಹೊರಟ್ರಿ?"

"ಜೀನಿಗೆ ಬೂಷ್ಟು ಹಿಡಿದಿತ್ತು, ಬಿಸಿಲಿಗೆ ಹಾಕಿದೀವಿ," ಅಂದಳು ದ್ರೆಮಾ.

"ಕುದುರೆ ಮೇಲಾ?"

"ಕುದುರೇನೂ ಬಿಸಿಲಲ್ಲೇ ನಿಂತಿದೆಯಲ್ಲ. ಎರಡೂ ಒಟ್ಟಿಗೆ ಒಣಗಲಿ ಅಂತ."

ಖಾಂಡು ಹೆಂಡತಿಯ ಮುಖ ನೋಡಿದ. ಅವಳು ಕುದುರೆಯ ಹೊಟ್ಟೆಯ ಕೆಳಗೆ ಕೈ ಹಾಕಿ ಪಟ್ಟಿಯ ಗಂಟು ಬಿಚ್ಚುತ್ತಿದ್ದಳು. ಅತ್ತೆ ಬಿಗಿದ ಗಂಟು ಅಷ್ಟು ಸುಲಭಕ್ಕೆ ಬಿಡಲಿಲ್ಲ.

ಮಧ್ಯಾಹ್ನದ ಮೇಲೆ ಮಂಜು ಮರಳಿ ಬಂತು. ಮಂದೆ ಅದರೊಳಗೆ ಚದುರಿತು. ಕರುಗಳನ್ನು ಕಟ್ಟುವ ಹೊತ್ತಾದಾಗ ಚಿಮಿ ಉಪ್ಪಿನ ಚೀಲ ಹಿಡಿದು ಒಬ್ಬಳೇ ಮಂಜಿನೊಳಗೆ ಇಳಿದಳು. ಅವಳು ಕಾಣುತ್ತಿರಲಿಲ್ಲ, ಒಂದೊಂದೇ ಹೆಸರು ಕರೆಯುವ ದನಿ ಮಾತ್ರ ಬರುತ್ತಿತ್ತು. ಮೇಲಿನವರ ಹೆಸರುಗಳು, ತಲೆತಲಾಂತರದಿಂದ ಆ ಬೆಟ್ಟಕ್ಕೆ ಗೊತ್ತಿರುವಂಥವು. ಆಮೇಲೆ ದನಿ ಒಂದು ಕ್ಷಣ ತಡೆಯಿತು, ಗಂಟಲು ಸರಿಮಾಡಿಕೊಂಡಿತು, ರಾದಿಯ ಕಪ್ಪೆಯನ್ನು ಕರೆಯಿತು. ಎಡವಟ್ಟಾಗಿ ಕರೆಯಿತು.

ಗುಡಾರದ ಬಾಗಿಲಲ್ಲಿ ಹಿಟ್ಟು ನಾದುತ್ತಿದ್ದ ಲೇಕಿ ಕತ್ತೆತ್ತಿ, ಇದ್ದಲ್ಲಿಂದಲೇ ಸರಿಯಾದದ್ದನ್ನು ಕೂಗಿ ಹೇಳಿದಳು.